ಮೂವತ್ತೊಂಬತ್ತರಲ್ಲಿ ಇಪ್ಪತ್ತೊಂದು

ಹಲ್ಲಿನಕ್ಕ ಎಂಬ ಹೆಸರು ಕೇಳಿ, ಹಲ್ಲು ಕೀಳುವವಳಿರಬೇಕೆಂದು ಹಿಂದಿನ ಬೀದಿಯ ಮುದುಕರೊಬ್ಬರು ದವಡೆ ಹಿಡಿದುಕೊಂಡು ಅವಳ ಮನೆ ಬಾಗಿಲಿಗೆ ಬಂದದ್ದುಂಟು. ಅವರನ್ನು ಕೂರಿಸಿ, ಬಿಸಿ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಲು ಹೇಳಿ ಕಳಿಸಿದಳು. ಅವಳು ಹಲ್ಲು ಕೀಳುವವಳಲ್ಲ, ಕೊರೆಯುವವಳು. ಅದೂ ಮನುಷ್ಯರ ಹಲ್ಲಲ್ಲ, ಯಂತ್ರದ ಚಕ್ರಗಳ ಹಲ್ಲು.

ಆರು ಯಂತ್ರಗಳ ಆ ಶೆಡ್ಡಿನಲ್ಲಿ ಕೊನೆಯದು ಅವಳದು, ಗಾಜು ಒಡೆದ ಕಿಟಕಿಯ ಪಕ್ಕದ ಮಿಲ್ಲಿಂಗ್ ಮೆಷಿನ್. ಲೋಹದ ದುಂಡು ಬಿಲ್ಲೆಯನ್ನು ಬಿಗಿದು, ಅದರ ಅಂಚಿನಲ್ಲಿ ಒಂದು ಸೀಳು ಕೊರೆಯಬೇಕು. ಆಮೇಲೆ ಬಿಲ್ಲೆಯನ್ನು ಇಷ್ಟೇ ಇಷ್ಟು ತಿರುಗಿಸಿ ಇನ್ನೊಂದು. ಆ 'ಇಷ್ಟೇ ಇಷ್ಟು' ಎಂಬುದರಲ್ಲೇ ಎಲ್ಲ ಇರುವುದು. ಅದಕ್ಕೆಂದೇ ಯಂತ್ರದ ಮೇಲೆ ಕೈಹಿಡಿ ಇರುವ ಒಂದು ಪೆಟ್ಟಿಗೆ, ಪೆಟ್ಟಿಗೆಯ ಮುಂದೆ ತೂತಿನ ತಟ್ಟೆ. ತಟ್ಟೆಯ ತುಂಬ ಒಂದರೊಳಗೊಂದು ಬಳೆಯಂತೆ ತೂತಿನ ಸಾಲುಗಳು: ಒಂದರಲ್ಲಿ ಮೂವತ್ತೇಳು ತೂತು, ಇನ್ನೊಂದರಲ್ಲಿ ಮೂವತ್ತೊಂಬತ್ತು, ಮತ್ತೊಂದರಲ್ಲಿ ನಲವತ್ತೊಂದು, ಹೀಗೆ. ಕೈಹಿಡಿಯನ್ನು ತಿರುಗಿಸಿ, ಬೇಕಾದ ಸಾಲಿನಲ್ಲಿ ಬೇಕಾದಷ್ಟು ತೂತು ಎಣಿಸಿ, ಅದರ ಪಿನ್ನನ್ನು ತೂತಿಗೆ ಇಳಿಸಿದರೆ ಬಿಲ್ಲೆ ಕೂದಲೆಳೆಯಷ್ಟೂ ಅಲುಗದೆ ನಿಲ್ಲುತ್ತದೆ.

ಎಷ್ಟು ಸುತ್ತು, ಯಾವ ಸಾಲು, ಎಷ್ಟು ತೂತು? ಅದು ಮೇಸ್ತ್ರಿಯ ಗುಟ್ಟು. ಹನ್ನೆರಡು ವರ್ಷ ಪ್ರತಿ ಬೆಳಿಗ್ಗೆ ಅವರು ಕಬ್ಬಿಣದ ಹಲಗೆಯ ಮೇಲೆ ಅವತ್ತಿನ ಚಕ್ರದ ಅಂಕೆಗಳನ್ನು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು, ಹೀಗೆ: 'ಒಂದು ಸುತ್ತು, ಮೇಲೆ ಮೂವತ್ತೊಂಬತ್ತರಲ್ಲಿ ಇಪ್ಪತ್ತೊಂದು.' ಅವಳು ತಿರುಗಿಸುತ್ತಿದ್ದಳು. ಕೆಲಸ ಮುಗಿದ ಕೂಡಲೇ ಮೇಸ್ತ್ರಿ ಬಂದು ತಮ್ಮ ಅಂಗಿಯ ತೋಳಿನಿಂದಲೇ ಹಲಗೆ ಒರೆಸುತ್ತಿದ್ದರು. ನಕ್ಷೆ ಅವರ ಜೇಬಿನಲ್ಲಿ, ಲೆಕ್ಕ ಅವರ ತಲೆಯಲ್ಲಿ. ದಿನಕ್ಕೊಂದು ಚಕ್ರ, ದಿನಕ್ಕೊಂದು ಅಂಕೆ; ಯಾವುದು ಎಷ್ಟು ಹಲ್ಲಿಗೆ ಎಂಬುದು ಅವಳ ನೆನಪಿನಲ್ಲಿ ಉಳಿಯುತ್ತಿರಲಿಲ್ಲ. ಮೊದಲ ವರ್ಷ ಅವಳು ಬಾಯಿಬಿಟ್ಟು ಕೇಳಿದ್ದಳು, "ಇಪ್ಪತ್ತೊಂದೇ ಯಾಕೆ ಮೇಸ್ತ್ರಿಗಳೇ?" ಅವರು ಕನ್ನಡಕದ ಮೇಲಿಂದ ನೋಡಿ, "ನಿನಗ್ಯಾಕಮ್ಮಾ ಲೆಕ್ಕ? ಹೇಳಿದಷ್ಟು ತಿರುಗಿಸು" ಎಂದಿದ್ದರು. ಅಲ್ಲಿಗೆ ಮುಗಿಯಿತು. ಅವಳೂ ಮಾನವಿರುವ ಹೆಂಗಸು, ಮತ್ತೆ ಕೇಳಲಿಲ್ಲ.

ಈ ವರ್ಷ ಮೇಸ್ತ್ರಿಯ ಮಂಡಿ ಕೈಕೊಟ್ಟಿತು. ಒಂದು ಸೋಮವಾರ ಬರಲಿಲ್ಲ, ಮುಂದಿನ ಸೋಮವಾರವೂ ಬರಲಿಲ್ಲ, ಇನ್ನು ಬರುವುದಿಲ್ಲವೆಂದು ಹೇಳಿಕಳಿಸಿದರು. ಯಜಮಾನರು ಹಲ್ಲಿನಕ್ಕನನ್ನು ತಮ್ಮ ಗಾಜಿನ ಕೋಣೆಗೆ ಕರೆದು ಒಂದು ನಕ್ಷೆಯನ್ನು ಮುಂದಿಟ್ಟರು. ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ಯಂತ್ರಕ್ಕೆ ಬೇಕಾದ ಕಂಚಿನ ಚಕ್ರ. ಇಪ್ಪತ್ತಾರು ಹಲ್ಲು, ಹಲ್ಲಿನಿಂದ ಹಲ್ಲಿಗೆ 13.846 ಡಿಗ್ರಿ. ನಕ್ಷೆ ಬರೆಯುವ ಹೊಸ ಹುಡುಗರು ಎಲ್ಲವನ್ನೂ ಹೀಗೆ ದಶಮಾಂಶದಲ್ಲೇ ಬರೆಯುತ್ತಿದ್ದರು.

"ಕಂಚು ಬರೋಕೆ ಮೂರು ವಾರ. ಬರೋದು ಒಂದೇ ಬಿಲ್ಲೆ. ಕೆಟ್ಟರೆ ಇನ್ನೊಂದಿಲ್ಲ. ನಿನ್ನ ಕೈಲಾಗುತ್ತಾ ಹೇಳು. ಆಗಲ್ಲ ಅಂದ್ರೆ ಹೊರಗಿಂದ ಒಬ್ಬರನ್ನ ಕರೆಸ್ತೀನಿ, ನೀನು ಅರದ ಮೇಜಿಗೆ ಹೋಗು. ಬೇಜಾರು ಮಾಡ್ಕೋಬೇಡಮ್ಮ."

ಅರದ ಮೇಜು! ಕೊರೆದ ಚಕ್ರಗಳ ಅಂಚಿನ ಚೂಪು ಗೀರುಗಳನ್ನು ದಿನವಿಡೀ ಅರದಿಂದ ತಿಕ್ಕುವ ಮೇಜು. ಹಲ್ಲಿನಕ್ಕ ಶುರು ಮಾಡಿದ್ದೇ ಅಲ್ಲಿಂದ. ಎರಡು ವರ್ಷ ತಿಕ್ಕಿ ತಿಕ್ಕಿ ಬೆರಳ ತುದಿಯ ಚರ್ಮ ಸವೆದಿತ್ತು. ಹನ್ನೆರಡು ವರ್ಷದ ಮೇಲೆ ಮತ್ತೆ ಅಲ್ಲಿಗೇ ಹೋಗಿ ಕೂರುವುದೆಂದರೆ ಅವಳಿಗೆ ಸತ್ತ ಹಾಗೆಯೇ ಆಗುತ್ತಿತ್ತು. "ಆಗುತ್ತೆ ಸಾರ್" ಎಂದಳು. ಹೇಗೆ ಎಂದು ಅವರು ಕೇಳಲಿಲ್ಲ, ಪುಣ್ಯ.

ಮೇಸ್ತ್ರಿಯ ಮನೆ ಎರಡು ಬೀದಿಯಾಚೆ. ಹೋಗಿ ಕೇಳಬಹುದಿತ್ತು. ಆದರೆ ಆ 'ನಿನಗ್ಯಾಕಮ್ಮಾ' ಹನ್ನೆರಡು ವರ್ಷದಿಂದ ಅವಳ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಕಾಲು ಹಿಡಿಯುವುದಿಲ್ಲ ಎಂದು ನಿರ್ಧರಿಸಿದಳು. ಮಗಳ ಕಂಪಾಸ್ ಪೆಟ್ಟಿಗೆಯ ಕೋನಮಾಪಕವನ್ನು ಯಂತ್ರದಲ್ಲಿದ್ದ ಹಳೆಯ ಬಿಲ್ಲೆಯ ಮೇಲೆ ಅಂಟಿಸಿ ಕೈಹಿಡಿಯನ್ನು ಒಂದು ಸುತ್ತು ತಿರುಗಿಸಿದಳು. ಬಿಲ್ಲೆ ಒಂಬತ್ತು ಡಿಗ್ರಿ ಸರಿಯಿತು. ಇನ್ನೊಮ್ಮೆ, ಮತ್ತೆ ಒಂಬತ್ತು. ಹಾಗಾದರೆ 13.846ನ್ನು ಒಂಬತ್ತರಿಂದ ಭಾಗಿಸಿದರಾಯಿತು: 1.538444. ಒಂದು ಸುತ್ತು ಸರಿ. ಉಳಿದ ಈ .538444 ಎಂಬ ಬಾಲವನ್ನು ಯಾವ ತೂತಿಗೆ ಕಟ್ಟುವುದು? ಅದು ಭಿನ್ನರಾಶಿಯಾಗಬೇಕು. ಇಷ್ಟು ತೂತಿನಲ್ಲಿ ಇಷ್ಟು ಎಂದಾಗಬೇಕು.

ಭಿನ್ನರಾಶಿ ಬಂದ ವರ್ಷವೇ ಶಾಲೆ ಬಿಟ್ಟವಳು ಅವಳು. ಮಗಳು ಹಾಗಲ್ಲ. ಕಾಲೇಜಿನಲ್ಲಿ ಗಣಿತ ಓದುತ್ತಿದ್ದಳು. ಅವಳ ಬಳಿ ಗ್ರಾಫ್ ಎಳೆಯುವ ದೊಡ್ಡ ಕ್ಯಾಲ್ಕುಲೇಟರ್ ಇತ್ತು. ಅದರಲ್ಲಿ ನಾವೇ ಪ್ರೋಗ್ರಾಂ ಬರೆಯಬಹುದಂತೆ.

"ಭಿನ್ನರಾಶಿ ಮಾಡೋಕೆ ಒಂದು ಗುಂಡಿಯೇ ಇದೆಯಲ್ಲಮ್ಮ" ಎಂದು ಮಗಳು ಒತ್ತಿ ತೋರಿಸಿದಳು. ಪರದೆಯ ಮೇಲೆ ಮತ್ತೆ .538444 ಎಂದೇ ಬಂತು. ಇನ್ನೊಮ್ಮೆ ಒತ್ತಿದಳು. ಅದೇ. "ಇದಕ್ಕೆ ದೊಡ್ಡ ಸಂಖ್ಯೆ ಬಂದ್ರೆ ಮಾಡೋಕಾಗಲ್ಲ" ಎಂದು ತಾನೇ ಹತ್ತು ನಿಮಿಷದಲ್ಲಿ ಒಂದು ಪ್ರೋಗ್ರಾಂ ಬರೆದುಕೊಟ್ಟಳು. ಬಿಂದು ಹೋಗುವವರೆಗೆ ಹತ್ತರಿಂದ ಗುಣಿಸು, ಆಮೇಲೆ ಮೇಲೆ ಕೆಳಗೆ ಹೊಡೆದು ಹಾಕು. ಉತ್ತರ ಬಂತು: 134611/250000.

"ಸರಿಯಾಗಿದೆ ನೋಡು" ಎಂದಳು ಮಗಳು ಹೆಮ್ಮೆಯಿಂದ.

"ಏನು ಸರಿ ಕಣೆ? ಎರಡೂವರೆ ಲಕ್ಷ ತೂತಿರೋ ತಟ್ಟೆ ಎಲ್ಲಿಂದ ತರಲಿ, ನಿಮ್ಮಪ್ಪ ಕೊರೆದುಕೊಡ್ತಾರಾ?"

ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆಬಟ್ಟೆ ಒಗೆದು ಆಗಷ್ಟೇ ಬಂದು ಕಾಲು ಚಾಚಿದ್ದ ಗಂಡ, ತನ್ನನ್ನು ಯಾಕೆ ಎಳೆದರೆಂದು ತಿಳಿಯದೆ ಕಣ್ಣು ಪಿಳುಕಿಸಿದ.

ಮಗಳಿಗೆ ಓದುವುದಿತ್ತು. "ನೀನೇ ಮಾಡ್ಕೋ. ಪುಸ್ತಕ ಕೊಡ್ತೀನಿ. ಆದರೆ ಪರೀಕ್ಷೆ ದಿನ ಬೆಳಿಗ್ಗೆ ಕ್ಯಾಲ್ಕುಲೇಟರ್ ನನ್ನ ಕೈಲಿರ್ಬೇಕು" ಎಂದಳು. ಅಂದಿನಿಂದ ಅದು ಹಲ್ಲಿನಕ್ಕನ ಊಟದ ಡಬ್ಬಿಯ ಚೀಲ ಸೇರಿತು. ಬಸ್ಸಿನಲ್ಲಿ ಕೂತು, ಊಟದ ಹೊತ್ತಿನಲ್ಲಿ ಮರದ ಪೆಟ್ಟಿಗೆಯ ಮೇಲೆ ಕೂತು, ಒಂದೊಂದು ಗುಂಡಿಯನ್ನೂ ಹುಡುಕಿ ಹುಡುಕಿ ಒತ್ತುತ್ತಿದ್ದಳು. ಒಂದು ಅಲ್ಪವಿರಾಮ ತಪ್ಪಿದರೂ 'ದೋಷ' ಎಂದು ಹೇಳಿ ಸುಮ್ಮನಾಗುವ ಜಾತಿ ಅದು. ಏನು ದೋಷ, ಯಾರ ದೋಷ, ಒಂದೂ ಹೇಳದು. ಮೇಸ್ತ್ರಿಯ ತಮ್ಮನೇ ಇರಬೇಕು ಎಂದುಕೊಂಡಳು.

ಅವಳ ಯೋಚನೆಯೇನೋ ಸರಳವಾಗಿತ್ತು. ಎರಡರಿಂದ ಗುಣಿಸಿ ನೋಡು, ಪೂರ್ಣಸಂಖ್ಯೆ ಬಂತಾ? ಇಲ್ಲ. ಮೂರರಿಂದ ನೋಡು. ನಾಲ್ಕರಿಂದ. ಬರುವವರೆಗೆ ಬಿಡಬೇಡ. ಎಂಟು ದಿನ ಕಷ್ಟಪಟ್ಟು ಬರೆದು ಓಡಿಸಿದಳು. ಪರದೆಯ ಮೂಲೆಯಲ್ಲಿ ಸಣ್ಣ ಗೆರೆಯೊಂದು ಕುಣಿಯತೊಡಗಿತು, ಕುಣಿಯುತ್ತಲೇ ಇತ್ತು. ಊಟ ಮುಗಿಯಿತು, ಗಂಟೆ ಹೊಡೆಯಿತು, ಗೆರೆ ಕುಣಿಯಿತು. ಬ್ಯಾಟರಿ ಸತ್ತಿತು. ಬ್ಯಾಟರಿ ಬದಲಿಸಿ ಮಾರನೆಯ ದಿನ ಓಡಿಸಿದರೆ, ಮುಕ್ಕಾಲು ಗಂಟೆಯಾದ ಮೇಲೆ ಬಂದದ್ದು ಅದೇ ಎರಡೂವರೆ ಲಕ್ಷ. ಕ್ಯಾಲ್ಕುಲೇಟರನ್ನು ಕಿಟಕಿಯಾಚೆ ಎಸೆಯಬೇಕೆನಿಸಿತು. ಮಗಳದು ಎಂಬ ಒಂದೇ ಕಾರಣಕ್ಕೆ ಅದು ಉಳಿಯಿತು.

ತಪ್ಪೆಲ್ಲಿದೆ ಎಂದು ಎರಡು ದಿನ ತಲೆ ಕೆರೆದುಕೊಂಡಳು. ನಕ್ಷೆಯ ಹುಡುಗ ಬಾಲವನ್ನು ಕತ್ತರಿಸಿ 13.846ಕ್ಕೆ ನಿಲ್ಲಿಸಿದ್ದಾನೆ. ಕತ್ತರಿಸಿದ ಸಂಖ್ಯೆ ಎಂದೂ ಸರಿಯಾಗಿ ಕೂರುವುದಿಲ್ಲ, ಪೂರ್ಣಸಂಖ್ಯೆಯ ಹತ್ತಿರ ಬಂದರೆ ಸಾಕು ಎನ್ನಬೇಕು. ಎಷ್ಟು ಹತ್ತಿರ? ಹತ್ತನೇ ಒಂದು ಭಾಗ ಅಂತ ಹಾಕಿದಳು. ಒತ್ತಿದ ಕೂಡಲೇ ಉತ್ತರ ಬಂತು, 1/2. ಎಷ್ಟು ಮುದ್ದಾದ ಉತ್ತರ! ಖುಷಿಯಲ್ಲಿ ಹಿಂದುಮುಂದು ನೋಡದೆ, ಗುಜರಿಯ ಅಲ್ಯೂಮಿನಿಯಂ ಬಿಲ್ಲೆಯೊಂದನ್ನು ಬಿಗಿದು, ಒಂದೂವರೆ ಸುತ್ತಿನ ಲೆಕ್ಕದಲ್ಲಿ ಇಪ್ಪತ್ತಾರು ಸೀಳು ಕೊರೆದಳು. ಇಪ್ಪತ್ತೈದು ಹಲ್ಲು ಒಂದೇ ಸಮ ಬಂದವು. ಇಪ್ಪತ್ತಾರನೆಯದು ಎರಡು ಹಲ್ಲು ಅಂಟಿಕೊಂಡಂತೆ ದಪ್ಪಗೆ ಕೂತಿತ್ತು. ಈ ಕೆಲಸದಲ್ಲಿ ಹಾಗೆಯೇ, ಒಂದೊಂದು ಸಲದ ಚೂರು ತಪ್ಪೆಲ್ಲ ಸೇರಿ ಕೊನೆಯ ಹಲ್ಲಿನಲ್ಲಿ ಬಯಲಾಗುತ್ತದೆ. ಸ್ಟೋರಿನವನು ಬಿಲ್ಲೆಯನ್ನು ಎತ್ತಿ ಹಿಡಿದು, "ಅಕ್ಕ, ಇದಕ್ಕೆ ಬುದ್ಧಿಹಲ್ಲು ಬಂದಿದೆ" ಎಂದು ಶೆಡ್ಡೆಲ್ಲ ನಗಿಸಿದ. ಗಾಜಿನ ಕೋಣೆಯಿಂದ ಯಜಮಾನರೂ ನೋಡಿದರು, ನಗಲಿಲ್ಲ. ಅವರು ನಕ್ಕಿದ್ದರೇ ಚೆನ್ನಾಗಿತ್ತು.

ಕಂಚು ಬರಲು ಇನ್ನೈದು ದಿನ. ಹಲ್ಲಿನಕ್ಕನಿಗೆ ಅನ್ನ ಸೇರುತ್ತಿರಲಿಲ್ಲ. ಗಂಡನ ಮೇಲೆ ರೇಗಿದಳು, ಮಗಳ ಮೇಲೆ ರೇಗಿದಳು, ಬಸ್ಸಿನಲ್ಲಿ ಕಾಲು ತುಳಿದವನ ಜನ್ಮ ಜಾಲಾಡಿದಳು. 'ಹತ್ತಿರ'ವನ್ನು ನೂರನೇ ಒಂದು ಭಾಗಕ್ಕೆ ಇಳಿಸಿದಾಗ 7/13 ಎಂದು ಬಂತು. ಸರಿ, ಹದಿಮೂರು ತೂತಿನ ಸಾಲು ಎಲ್ಲಿ? ಪೆಟ್ಟಿಗೆಗೆ ಬದಲಿಸಿ ಹಾಕುವ ಮೂರು ತಟ್ಟೆಗಳನ್ನೂ ತಿರುವಿ ನೋಡಿದಳು. ಹದಿನೈದಿದೆ, ಹದಿನಾರಿದೆ, ಹದಿಮೂರಿಲ್ಲ. ಆ ತಟ್ಟೆಗಳನ್ನು ನೋಡುತ್ತ ನಿಂತಾಗಲೇ ಅವಳಿಗೆ ಹೊಳೆದದ್ದು. ಪ್ರಪಂಚದಲ್ಲಿರುವ ಸಂಖ್ಯೆಗಳನ್ನೆಲ್ಲ ಯಾಕೆ ಕೇಳಬೇಕು? ಮೂರೂ ತಟ್ಟೆ ಸೇರಿ ಇರುವುದು ಹದಿನೆಂಟೇ ಸಾಲು. ಆ ಹದಿನೆಂಟನ್ನು ಮಾತ್ರ ಕೇಳಿ, ಅವುಗಳಲ್ಲಿ ಯಾವುದು ಎಲ್ಲಕ್ಕಿಂತ ಹತ್ತಿರ ಎಂದು ಹೇಳಿದರಾಯಿತು.

ಗುರುವಾರ ಊಟದ ಹೊತ್ತಿನಲ್ಲಿ ಪ್ರೋಗ್ರಾಮಿನ ಕೊನೆಯ ಸಾಲು ಸೇರಿಸಿ ಗುಂಡಿ ಒತ್ತಿದಳು. ಎರಡು ಸಂಖ್ಯೆ ಬಂದವು. 39. ಕೆಳಗೆ 21.

ಅವಳ ಕಣ್ಣು ತುಂಬಿತು. ಸೀಮೆಸುಣ್ಣದಲ್ಲಿ ಎಷ್ಟು ಸಲ ನೋಡಿದ್ದಳು ಇದನ್ನು! ಅದೇ ಮೂವತ್ತೊಂಬತ್ತು, ಅದೇ ಇಪ್ಪತ್ತೊಂದು. ಈಗ ಯಾರೂ ಬರೆದುಕೊಟ್ಟದ್ದಲ್ಲ. ಡಬ್ಬಿಯ ಮುಚ್ಚಳದ ಒಳಗೆ ಮೊಳೆಯಿಂದ ಗೀಚಿಟ್ಟುಕೊಂಡಳು.

ಶುಕ್ರವಾರ ಮಗಳ ಪರೀಕ್ಷೆ. ಸಂಜೆ ಬಂದವಳು ಕ್ಯಾಲ್ಕುಲೇಟರನ್ನು ಅಮ್ಮನ ಕೈಗಿಟ್ಟು ಮುಖ ತಗ್ಗಿಸಿ ನಿಂತಳು. ಯಾರೂ ಒಳಗೆ ಉತ್ತರ ಬರೆದು ತರಬಾರದೆಂದು, ಪರೀಕ್ಷಾ ಕೊಠಡಿಯ ಬಾಗಿಲಲ್ಲೇ ಮೇಲ್ವಿಚಾರಕರು ಎಲ್ಲರ ಕ್ಯಾಲ್ಕುಲೇಟರುಗಳ ನೆನಪನ್ನೂ ಅಳಿಸಿಬಿಟ್ಟಿದ್ದರು.

"ನಿಂದೂ ಹೋಯ್ತಮ್ಮ. ಎಷ್ಟು ಹೇಳಿದ್ರೂ ಕೇಳಲಿಲ್ಲ. ಕಾಗದದ ಮೇಲೆ ಬರೆದಿಟ್ಕೊಂಡಿದ್ದೀಯ ಅಲ್ವಾ?"

ಇಲ್ಲ. ಬರೆದಿಟ್ಟುಕೊಳ್ಳಬೇಕೆಂದು ಅವಳಿಗೆ ಯಾರು ಹೇಳಿದ್ದರು? ಮೂರು ವಾರದ ದುಡಿತವನ್ನು ಯಾರೋ ಒಬ್ಬರು ಎರಡು ಗುಂಡಿ ಒತ್ತಿ ಒರೆಸಿ ಹಾಕಿದ್ದರು. ಒರೆಸುವವರೇ ಗಂಟುಬಿದ್ದಿದ್ದಾರಲ್ಲ ನನಗೆ ಎಂದು ಹಲ್ಲಿನಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ಜೋರಾಗಿಯೇ ಅತ್ತಳು.

ಶನಿವಾರ ಕಂಚಿನ ಬಿಲ್ಲೆ ಬಂತು. ಡಬ್ಬಿಯ ಮುಚ್ಚಳ ನೋಡಿಕೊಂಡು ತಿರುಗಿಸಿದಳು. ಒಂದು ಸುತ್ತು, ಮೇಲೆ ಇಪ್ಪತ್ತೊಂದು. ಕೊರೆ. ಒಂದು ಸುತ್ತು, ಮೇಲೆ ಇಪ್ಪತ್ತೊಂದು. ಕೊರೆ. ಕೊನೆಯಲ್ಲಿ ಪಿನ್ನು ಹೊರಟ ತೂತಿಗೇ ಬಂದು ಟಕ್ಕೆಂದು ಬಿತ್ತು. ಯಜಮಾನರು ಇಪ್ಪತ್ತಾರು ಹಲ್ಲನ್ನೂ ಅಳತೆ ಹಿಡಿದು ನೋಡಿ, "ಶಭಾಷ್. ಯಂತ್ರ ನಿಂದೇ ಇನ್ನು. ಸೋಮವಾರಕ್ಕೆ ಇವೂ ಆಗ್ಲಿ" ಎಂದು ಇನ್ನೂ ಮೂರು ನಕ್ಷೆ ಕೊಟ್ಟರು. ಮೂರರಲ್ಲೂ ಬೇರೆ ಬೇರೆ ದಶಮಾಂಶ.

ಭಾನುವಾರ ಬೆಳಿಗ್ಗೆ ನೆನಪಿನಿಂದಲೇ ಪ್ರೋಗ್ರಾಂ ಮತ್ತೆ ಬರೆಯಲು ಕೂತಳು. ಎಲ್ಲ ಬಂತು, ಆದರೆ ಓಡಿಸಿದರೆ 'ದೋಷ'. ಹತ್ತು ಸಲ ಒತ್ತಿದಳು, ಹತ್ತು ಸಲವೂ ಅದೇ. ಕೊನೆಗೆ ಕ್ಯಾಲ್ಕುಲೇಟರನ್ನೂ ನಕ್ಷೆಗಳನ್ನೂ ಚೀಲಕ್ಕೆ ತುರುಕಿ, ಮಾನ ಹೋದರೆ ಹೋಗಲಿ ಎಂದು ಮೇಸ್ತ್ರಿಯ ಮನೆಗೆ ನಡೆದಳು.

ಮೇಸ್ತ್ರಿ ಮಂಡಿಗೆ ಬಿಸಿನೀರ ಚೀಲ ಕಟ್ಟಿಕೊಂಡು ಕುರ್ಚಿಯಲ್ಲಿದ್ದರು. ಕಂಚಿನ ಚಕ್ರದ ಕತೆಯನ್ನು ಅವಳು ಒಂಬತ್ತು ಡಿಗ್ರಿಯಿಂದ ಎರಡೂವರೆ ಲಕ್ಷದವರೆಗೆ ಒಂದೂ ಬಿಡದೆ ಹೇಳಿದಳು. ಅವರು ಪೂರ್ತಿ ಕೇಳಿ, "ಹಲ್ಲು ಎಷ್ಟಿತ್ತು?" ಎಂದರು.

"ಇಪ್ಪತ್ತಾರು."

"ನಲವತ್ತನ್ನ ಇಪ್ಪತ್ತಾರರಿಂದ ಭಾಗಿಸೋದು. ಅಷ್ಟೇ."

"ಯಾವ ನಲವತ್ತು?"

"ಕೈಹಿಡಿ ನಲವತ್ತು ಸುತ್ತು ತಿರುಗಿದ್ರೆ ಬಿಲ್ಲೆ ಒಂದು ಸುತ್ತು. ಆ ಪೆಟ್ಟಿಗೆ ಹಾಗೇ ಮಾಡಿರೋದು. ನಲವತ್ತರಲ್ಲಿ ಇಪ್ಪತ್ತಾರು ಹೋದ್ರೆ ಒಂದು ಸುತ್ತು. ಉಳಿದಿದ್ದು ಇಪ್ಪತ್ತಾರರಲ್ಲಿ ಹದಿನಾಲ್ಕು, ಅಂದ್ರೆ ಹದಿಮೂರರಲ್ಲಿ ಏಳು. ಮೂರರಿಂದ ಗುಣಿಸು, ಮೂವತ್ತೊಂಬತ್ತರಲ್ಲಿ ಇಪ್ಪತ್ತೊಂದು. ಅದು ಭಿನ್ನರಾಶಿಯಾಗೇ ಇತ್ತಲ್ಲಮ್ಮ. ನೀನ್ಯಾಕೆ ದಶಮಾಂಶ ಮಾಡೋಕೆ ಹೋದೆ?"

ಇಪ್ಪತ್ತಾರು ಎಂದು ನಕ್ಷೆಯ ಮೊದಲ ಸಾಲಿನಲ್ಲೇ ಬರೆದಿತ್ತು. ನಕ್ಷೆಯ ಹುಡುಗ ಅದನ್ನೇ ಭಾಗಿಸಿ ದಶಮಾಂಶ ಮಾಡಿದ್ದ. ಅವಳು ಮೂರು ವಾರ ಹೆಣಗಿ ಅದನ್ನು ಮತ್ತೆ ಇದ್ದಲ್ಲಿಗೇ ತಂದಿದ್ದಳು. ಬಗಲಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ್ದಳು. ಮೊದಲು ನಗು ಬಂತು, ಅದರ ಹಿಂದೆಯೇ ಸಿಟ್ಟು, ಹನ್ನೆರಡು ವರ್ಷದ ಸಿಟ್ಟು.

"ನಲವತ್ತು! ಒಂದು ಮಾತು ಮೇಸ್ತ್ರಿಗಳೇ! ಒಂದೇ ಒಂದು ಮಾತು! ಹನ್ನೆರಡು ವರ್ಷದಲ್ಲಿ ಒಂದು ದಿನ ಹೇಳೋಕಾಗಲಿಲ್ವಾ ನಿಮಗೆ? ನಾನು ಕೇಳಿರಲಿಲ್ವಾ?"

ಮೇಸ್ತ್ರಿ ಬಿಸಿನೀರ ಚೀಲವನ್ನು ಸರಿಮಾಡಿಕೊಂಡರು. ಅವರಿಗೂ ಸಿಟ್ಟು ಬರುತ್ತದೆಂದು ಅವಳು ಕಾದಳು. ಬರಲಿಲ್ಲ.

"ಕೇಳಿದ್ದೆ. ಹೇಳಿಬಿಟ್ಟಿದ್ರೆ ನನ್ನನ್ನ ಯಾಕಮ್ಮ ಇಟ್ಕೊಳ್ತಿದ್ರು ಅವ್ರು? ನನ್ನ ಹತ್ರ ಇದ್ದಿದ್ದು ಅದೊಂದೇ."

ಅವಳ ಸಿಟ್ಟು ಇಳಿಯಲಿಲ್ಲ. ಚೀಲದಿಂದ ಮೂರು ನಕ್ಷೆ ತೆಗೆದು ಮೇಜಿನ ಮೇಲೆ ಬಡಿದಳು. ಎರಡನ್ನು ಮೇಸ್ತ್ರಿ ಕಣ್ಣಲ್ಲೇ ಭಾಗಿಸಿ ಹೇಳಿದರು. ಮೂರನೆಯದರಲ್ಲಿ ಹಲ್ಲಿನ ಲೆಕ್ಕವೇ ಇರಲಿಲ್ಲ. ಎರಡೇ ಸೀಳು, ನಡುವೆ 24.158 ಡಿಗ್ರಿ, ಅಷ್ಟೇ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಕೆಳಗಿಟ್ಟರು.

"ಇಂಥದ್ದು ಬಂದ್ರೆ ಆಗಲ್ಲ ಅಂತ ವಾಪಸ್ ಕಳಿಸ್ತಿದ್ದೆ."

ಹಲ್ಲಿನಕ್ಕ ಕ್ಯಾಲ್ಕುಲೇಟರ್ ತೆಗೆದಳು. ಅಲ್ಲೇ ಕೂತು ಒಂದೊಂದೇ ಸಾಲನ್ನು ಬೆರಳಿಟ್ಟು ಓದಿದಳು. ಅದೇ ಲೆಕ್ಕವನ್ನು ಮತ್ತೆ ಮತ್ತೆ ಮಾಡಿಸುವ ಆವರ್ತನೆಯನ್ನು ಮುಗಿಸುವ ಸಾಲೊಂದು ಬಿಟ್ಟುಹೋಗಿತ್ತು. ಅದನ್ನು ಸೇರಿಸಿ, ಕೋನವನ್ನು ಕೊಟ್ಟು ಒತ್ತಿದಳು. ಎರಡು ಸುತ್ತು, ಹತ್ತೊಂಬತ್ತರಲ್ಲಿ ಹದಿಮೂರು. ಮೇಸ್ತ್ರಿ ಕನ್ನಡಕ ಏರಿಸಿ ಪರದೆಯ ಅಂಕೆಗಳನ್ನು ಓದಿದರು. ಹೇಗೆ ಎಂದು ಕೇಳಲು ಅವರಿಗೆ ನಾಲಗೆ ಬರಲಿಲ್ಲ. "ಒಳ್ಳೇದು" ಎಂದರು.

ಸೋಮವಾರ ಅವಳು ಅರ್ಧ ಗಂಟೆ ಮೊದಲೇ ಶೆಡ್ಡಿಗೆ ಹೋದಳು. ಸ್ಟೋರಿನಿಂದ ಬಿಳಿ ಎಣ್ಣೆ ಬಣ್ಣದ ಡಬ್ಬಿ ತಂದು, ಯಂತ್ರದ ಹಿಂದಿನ ಗೋಡೆಯ ಮೇಲೆ ಗೇಣುದ್ದದ ಅಕ್ಷರಗಳಲ್ಲಿ ಬರೆದಳು: 'ನಲವತ್ತನ್ನು ಹಲ್ಲಿನ ಸಂಖ್ಯೆಯಿಂದ ಭಾಗಿಸು.' ಅದರ ಕೆಳಗೆ, 'ಕೋನ ಮಾತ್ರ ಇದ್ದರೆ ಒಂಬತ್ತರಿಂದ ಭಾಗಿಸು,' ಅದರ ಕೆಳಗೆ ಪ್ರೋಗ್ರಾಮಿನ ಹದಿನಾಲ್ಕು ಸಾಲು. ಯಜಮಾನರು ಬಂದವರು ನಿಂತು ಓದಿದರು.

"ಇದೇನಮ್ಮ ಇದು? ಇನ್ನು ಯಾರು ಬೇಕಾದ್ರೂ ಈ ಯಂತ್ರ ನಡೆಸಬಹುದಲ್ಲ!"

ಅವರು ತಮಾಷೆಗೆ ಹೇಳಿದರೋ ನಿಜಕ್ಕೂ ಹೇಳಿದರೋ ಅವಳಿಗೆ ತಿಳಿಯಲಿಲ್ಲ. ಬಣ್ಣ ಇನ್ನೂ ಹಸಿಯಾಗಿತ್ತು, ಬಟ್ಟೆ ತಂದು ಒರೆಸಿದರೆ ಹೋಗುತ್ತಿತ್ತು. ಯಜಮಾನರು ತಮ್ಮ ಕೋಣೆಗೆ ಹೋದರು.

ಅರದ ಮೇಜಿನಲ್ಲಿ ಕೂತಿದ್ದ ಹೆಂಗಸು, ಆರು ವರ್ಷದಿಂದ ಅಲ್ಲೇ ತಿಕ್ಕುತ್ತಿರುವವಳು, ಗೋಡೆ ಓದುತ್ತ ಅರ ಕೆಳಗಿಟ್ಟಳು. ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ನಲವತ್ತೇ ಯಾಕಕ್ಕ?"

'ನಿನಗ್ಯಾಕಮ್ಮಾ' ಎಂಬುದು ಹಲ್ಲಿನಕ್ಕನ ನಾಲಗೆಯ ತುದಿಗೇ ಬಂದು ನಿಂತಿತು. ಮೇಸ್ತ್ರಿಯ ದನಿಯಲ್ಲೇ ಬಂತು. ಅವಳು ಒಮ್ಮೆ ಗಾಜಿನ ಕೋಣೆಯ ಕಡೆ ನೋಡಿದಳು, ಒಮ್ಮೆ ಆ ಹೆಂಗಸಿನ ಸವೆದ ಬೆರಳ ತುದಿಗಳನ್ನು ನೋಡಿದಳು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಬಾ ಇಲ್ಲಿ. ಕೈಹಿಡಿ ಹಿಡ್ಕೋ. ಬಿಲ್ಲೆ ಮೇಲೆ ಗುರುತು ಹಾಕಿದ್ದೀನಿ ನೋಡು, ಅದು ತಿರುಗಿ ಇಲ್ಲಿಗೇ ಬರೋವರೆಗೂ ತಿರುಗಿಸು. ಜೋರಾಗಿ ಎಣಿಸು."

ಹೆಂಗಸು ಸೆರಗಿಗೆ ಕೈ ಒರೆಸಿಕೊಂಡು ಕೈಹಿಡಿ ಹಿಡಿದಳು. "ಒಂದು" ಎಂದಳು.